ಅನ್ನಮ್ಮ ಸಿಸ್ಟರ ಕನ್ನಡ

ಬಚ್ಚಲಿಗೆ ಹಾಕಿಸಲು ಒಂದಿಷ್ಟು ಟೈಲ್ಸ್ ಬೇಕಾಗಿ ಕಳೆದ ತಿಂಗಳು ಸಿದ್ದಾಪುರ ಪೇಟೆಯ ಹೊಸ ಅಂಗಡಿಗೆ ಹೋಗಿದ್ದೆ. ಅಂಗಡಿ ಹೊಸದು, ಕಟ್ಟಡ ಹಳೆಯದು. ಹಿಂದೆ ಅದು ನಮ್ಮ ಡಾಕ್ಟರ ಆಸ್ಪತ್ರೆಯಾಗಿತ್ತು. ಹೆಂಗಸೊಬ್ಬಳು ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ತಾನಾಗಿ ಎಡಕ್ಕೆ, ಹೆರಿಗೆ ಕೋಣೆ ಇದ್ದ ಕಡೆಗೆ ತಿರುಗಿತು. ಅಲ್ಲಿ ಈಗ ಬಣ್ಣಬಣ್ಣದ ಕಮೋಡುಗಳನ್ನು ಸಾಲಾಗಿ ಇಟ್ಟಿದ್ದಾರೆ.

“ಎಂತ ನಾಯ್ಕರೆ, ಆ ಬದಿಗೆ ಹೊಂಟ್ರಿ? ಟೈಲ್ಸು ಇತ್ಲಾಗಿದ್ದು,” ಎಂದ ಅಂಗಡಿಯ ಯಜಮಾನ, ಹತ್ತಿರದ ಹಳ್ಳಿಯ ಹೆಗಡೆಯವರ ಮಗ.

“ಇಲ್ಲಿ ಹೆರಿಗೆ ಕೋಣೆ ಇತ್ತು.”

“ಗೊತ್ತಿದ್ದು. ಆನು ಹುಟ್ಟಿದ್ದೂ ಇದೇ ರೂಮಲ್ಲಡ. ಮಲಯಾಳಿ ಸಿಸ್ಟರು ಒಂದು ಇತ್ತಡ ಅಲ್ದ? ನಮ್ಮ ಭಾಷೆನೇ ಕಲ್ತು ಪೂರಾ ನಮ್ಮನೇ ಜನ ಆಗೋಗಿತ್ತಡ. ಕಡಿಗೆ ಊರು ನೆನಪಾಗಿ ಹೋತಡ.”

ಈ ಸೀಮೆಯ ತೋಟದ ಮನೆಗಳ ಮಾತಿನಲ್ಲಿ, ಕಣ್ಣಾರೆ ಕಾಣದೆ ಕಿವಿಯಿಂದ ಮಾತ್ರ ಕೇಳಿದ ಸುದ್ದಿಗೆ ಕೊನೆಯಲ್ಲಿ ‘ಅಡ’ ಸೇರಿಸುತ್ತಾರೆ. ಪ್ರಾಮಾಣಿಕವಾದ ಪದ್ಧತಿ. ಅನ್ನಮ್ಮ ಸಿಸ್ಟರ ವಿಷಯದಲ್ಲಿ ನಾನು ಇದುವರೆಗೆ ಕೇಳಿದ್ದೆಲ್ಲವೂ ‘ಅಡ’ ಎಂದೇ ಮುಗಿದಿದೆ. ನನಗೆ ಆ ಪ್ರತ್ಯಯದ ಅಗತ್ಯವಿಲ್ಲ. ಅವಳು ಹನ್ನೆರಡು ವರ್ಷ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಉಳಿದದ್ದನ್ನು ಕಲಿತದ್ದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತ. ಮದುವೆ ಕಾಗದ, ಸೊಸೈಟಿಯ ವರದಿ, ಅಭಿನಂದನ ಗ್ರಂಥ, ಸತ್ತವರಿಗೆ ಶ್ರದ್ಧಾಂಜಲಿ, ಎಲ್ಲವೂ ನನ್ನ ಕೈ ಹಾಯ್ದೇ ಹೋಗಿವೆ. ಬದುಕಿದ್ದಾಗ ಊರನ್ನೆಲ್ಲ ಗೋಳು ಹೊಯ್ದುಕೊಂಡವರು ಸತ್ತ ಮರುವಾರವೇ ಸಜ್ಜನರಾಗುವುದನ್ನು ನಾನೇ ಒಂದೊಂದು ಅಕ್ಷರವಾಗಿ ಜೋಡಿಸಿದ್ದೇನೆ. ಒಪ್ಪಿತವಾದ ಮಾತನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುವುದು ಈ ಕಸುಬಿನಿಂದ ಬಂದ ರೋಗ. ‘ಹೊಂದಿಕೊಂಡಳು’ ಎನ್ನುವ ಮಾತೂ ಅಂಥದೊಂದು.

ಅವಳು ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಕೊಟ್ಟಾಯಂ ಕಡೆಯ ಯಾವುದೋ ಗುಡ್ಡದ ಊರಿನಿಂದ. ಒಂದು ಕಬ್ಬಿಣದ ಟ್ರಂಕು, ಒಂದು ಕೊಡೆ, ಕನ್ನಡದ ಒಂದು ಅಕ್ಷರವೂ ಇಲ್ಲ. ಡಾಕ್ಟರು ಕೋಣೆ ಕೇಳಲು ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಕಮಲ, “ಭಾಷೆ ಬರದೇ ಇದ್ದವ್ಳು ಇಲ್ಲಿ ಹೆಂಗೆ ಕೆಲಸ ಮಾಡ್ತಾಳೆ?” ಎಂದು ಕೇಳಿದಳು. “ಕೆಲಸವೇ ಭಾಷೆ ಕಲಿಸ್ತದೆ,” ಎಂದರು ಡಾಕ್ಟರು. ಅವರು ಹೇಳಿದ್ದು ಸುಳ್ಳಾಗಲಿಲ್ಲ. ಕೆಲಸ ಯಾವ ಭಾಷೆಯನ್ನು ಕಲಿಸುತ್ತದೆ, ಯಾವುದನ್ನು ಕಲಿಸುವುದಿಲ್ಲ ಎಂದು ಮಾತ್ರ ನಾವ್ಯಾರೂ ಆಗ ಕೇಳಲಿಲ್ಲ.

ಆಸ್ಪತ್ರೆ ಚಿಕ್ಕದು, ಹೆಸರಾದದ್ದು ಹೆರಿಗೆಗೆ. ಬರುತ್ತಿದ್ದವರಲ್ಲಿ ಹೆಚ್ಚಿನವರು ತೋಟದ ಮನೆಗಳ ಸೊಸೆಯಂದಿರು, ಅವರ ಜೊತೆಗೆ ಬರುತ್ತಿದ್ದ ಅತ್ತೆಯರು, ತಾಯಂದಿರು. ನೋವು ತಿನ್ನುವ ಹೆಂಗಸಿನ ಪಕ್ಕದಲ್ಲಿ ನಿಂತೇ ಅನ್ನಮ್ಮ ಕನ್ನಡ ಕಲಿತಳು. ಅದು ಪುಸ್ತಕದ ಕನ್ನಡವಲ್ಲ, ಪೇಟೆಯ ಕನ್ನಡವೂ ಅಲ್ಲ. ಹೆದ್ರಡ, ಉಸ್ರು ಬಿಡು, ಇನ್ನೊಂಚೂರು ತಡಕ, ಎಂತ ಆಗ್ತಿಲ್ಲೆ, ಆತು ಆತು. ಈ ‘ಅಡ’ ಬೇರೆ; ಹೆದ್ರಡ ಎಂದರೆ ಹೆದರಬೇಡ. ಹೊಸದಾಗಿ ಕೇಳಿದವರು ನಗುತ್ತಿದ್ದರು. ಶಿಲುಬೆ ಹಾಕಿಕೊಂಡ ಮಲಯಾಳಿ ಹೆಂಗಸು ನಮ್ಮಂಥ ನಾಯ್ಕರ ಮನೆಯ ಹಿತ್ತಿಲಲ್ಲಿ ನಿಂತು ಹೆಗಡೆ ಭಟ್ಟರಂಥ ಬ್ರಾಹ್ಮಣರ ಮನೆಮಾತನ್ನು ಆಡುತ್ತಿದ್ದಳು. ತನ್ನ ಕನ್ನಡ ಒಂದು ಜಾತಿಯ ಕನ್ನಡ ಎಂಬುದು ಅವಳಿಗೆ ಬಹಳ ಕಾಲ ತಿಳಿದಿರಲೇ ಇಲ್ಲ.

ತಿಳಿದದ್ದು ಹೀಗೆ. ಆ ಮನೆಗಳಲ್ಲಿ ಹೆಂಗಸರನ್ನು ‘ಅವಳು’ ಎನ್ನುವುದಿಲ್ಲ, ‘ಅದು’ ಎನ್ನುತ್ತಾರೆ. ಅದರಲ್ಲಿ ತಿರಸ್ಕಾರವಿಲ್ಲ, ಮುದ್ದಿನ ಮಗಳೂ ಅದು, ಹೆತ್ತ ತಾಯಿಯೂ ಅದು. ಒಮ್ಮೆ ಹಾವೇರಿ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರ ಹೆಂಡತಿ ಹೆರಿಗೆಗೆ ಬಂದಳು. ಅನ್ನಮ್ಮ ಬಾಗಿಲಿಂದಲೇ ಡಾಕ್ಟರಿಗೆ ಕೂಗಿ ಹೇಳಿದಳು: “ಡಾಕ್ಟ್ರೇ, ಅದು ಬಂಜು. ಅದಕ್ಕೆ ನೋವು ಶುರುವಾಜು.” ಬಂದಿದೆ, ಶುರುವಾಗಿದೆ ಎಂದರ್ಥ.

ಆ ಹೆಂಗಸು ನೋವನ್ನೂ ಮರೆತು ಎದ್ದು ಕುಳಿತಳಂತೆ. “ಅದು ಅಂದ್ರ ಯಾವುದ್ರೀ? ನಾ ಏನ್ ಎಮ್ಮಿ ಏನ್ರಿ? ಮದ್ಲ ಮಂದಿಗೆ ಮರ್ಯಾದಿ ಕೊಟ್ಟು ಮಾತಾಡೂದು ಕಲೀರ್ರಿ.”

“ಸಿಟ್ಟು ಮಾಡಡ,” ಎಂದಳು ಅನ್ನಮ್ಮ, ಅವಳ ಬೆನ್ನು ನೀವುತ್ತ. “ಉಸ್ರು ಬಿಡು.”

ಮಗು ಹುಟ್ಟಿದ ಮೇಲೆ ಆ ಹೆಂಗಸೇ ನಕ್ಕು, “ಹೆಣ್ಣು ಹುಟ್ಟೇತಿ. ಇದಕ್ಕೂ ಅದು ಅಂತಾರೇನ್ರಿ ಸಿಸ್ಟರ?” ಎಂದಳಂತೆ. ಕಂಪೌಂಡರ್ ಸುಬ್ರಾಯ ಈ ಕಥೆಯನ್ನು ಹೇಳದೆ ಬಿಟ್ಟ ಚಹದಂಗಡಿ ಸಿದ್ದಾಪುರದಲ್ಲಿ ಇರಲಿಲ್ಲ. ಅಂದು ಸಂಜೆ ಅನ್ನಮ್ಮ ನಮ್ಮ ಅಡಿಗೆಮನೆಯ ಮೆಟ್ಟಿಲ ಮೇಲೆ ಕುಳಿತು ಕಮಲಳಿಗೆ ಇದನ್ನೇ ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಗುತ್ತಿದ್ದ ವರ್ಷಗಳೂ ಇದ್ದವು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅವಳ ಕೈಯಲ್ಲಿ ಹುಟ್ಟಿದ ಮಕ್ಕಳ ತೊಟ್ಟಿಲ ಶಾಸ್ತ್ರಕ್ಕೆ ಅವಳಿಗೆ ತಪ್ಪದೆ ಕರೆ ಬರುತ್ತಿತ್ತು. ಒಳ್ಳೆಯ ಸೀರೆ ಉಟ್ಟು ಹೋಗುತ್ತಿದ್ದಳು. ಅರಿಶಿನ ಕುಂಕುಮ, ರವಿಕೆ ಕಣ, ಬಾಯಿ ತುಂಬ ಹೊಗಳಿಕೆ. ಊಟದ ಎಲೆ ಮಾತ್ರ ಜಗಲಿಯಲ್ಲಿ. ಯಾರ ಮನಸ್ಸಿನಲ್ಲಿಯೂ ಕೆಟ್ಟದ್ದಿರಲಿಲ್ಲ, ನಮ್ಮ ಕಡೆ ವಾಡಿಕೆಯೇ ಹಾಗಿತ್ತು. ಅದೇ ಜಗಲಿಯಲ್ಲಿ ನಾನೂ ಎಷ್ಟೋ ಸಲ ಉಂಡಿದ್ದೇನೆ; ಒಳಗಿನ ಪಂಕ್ತಿಯ ಮಾತು ಅಲ್ಲಿಗೆ ಎಷ್ಟು ಕೇಳಿಸುತ್ತದೆ ಎಂಬುದು ನನಗೆ ಗೊತ್ತು. ಆದ್ದರಿಂದ ‘ನಮ್ಮನೇ ಜನ’ ಎಂದವರನ್ನು ಮನೆ ಎಂದರೆ ಎಲ್ಲಿಯವರೆಗೆ ಎಂದು ಕೇಳಬೇಕೆನ್ನಿಸುತ್ತದೆ.

ಈ ನೆನಪು ನಿಜವಾಗಿ ಒಂದು ವರ್ಷದ್ದು. ಹೊಸ ಶತಮಾನ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಡಾಕ್ಟರಿಗೆ ವಯಸ್ಸಾಗಿ ಕಣ್ಣು ಮಂಜಾಗತೊಡಗಿತ್ತು. ಸ್ಕ್ಯಾನಿಂಗ್ ಬೇಕು, ಆಪರೇಷನ್ನಿನ ಸೌಕರ್ಯ ಬೇಕು ಎಂದು ಬಸುರಿಯರೆಲ್ಲ ಶಿರಸಿಗೆ, ಸಾಗರಕ್ಕೆ ಹೋಗತೊಡಗಿದರು. ಅದು ತಪ್ಪೆಂದು ಹೇಳುವ ಹಾಗಿಲ್ಲ. ನಮ್ಮ ಮಗಳನ್ನು ನಾವೂ ಶಿರಸಿಗೇ ಕರೆದೊಯ್ದಿದ್ದೆವು. ಆ ದೀಪಾವಳಿ ಕಳೆದ ಮೇಲೆ ಡಾಕ್ಟರು ಹೆರಿಗೆಗೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿಬಿಟ್ಟರು. ಜ್ವರ, ಕೆಮ್ಮು, ರಕ್ತದೊತ್ತಡಗಳಿಗೆ ಮಾತ್ರ ಆಸ್ಪತ್ರೆ ತೆರೆದಿತ್ತು.

ಡಾಕ್ಟರು ದೊಡ್ಡ ಮನಸ್ಸಿನವರು. ಅನ್ನಮ್ಮನನ್ನು ಬಿಡಿಸಲಿಲ್ಲ, ಸಂಬಳ ತಗ್ಗಿಸಲಿಲ್ಲ. ಮುಂದಿನ ಕೌಂಟರಿನಲ್ಲಿ ಕುರ್ಚಿ ಹಾಕಿಸಿ, ಬಂದವರಿಗೆ ನಂಬರಿನ ಬಿಲ್ಲೆ ಕೊಡುವ ಕೆಲಸ ಒಪ್ಪಿಸಿದರು. ಹಗುರವಾದ ಕೆಲಸ, ಕೂತು ಮಾಡುವಂಥದ್ದು.

“ಸಂಬಳ ಅಷ್ಟೇ ಅಂತೆ, ರಾತ್ರಿ ಪಾಳಿ ಇಲ್ವಂತೆ. ನಿನ್ನ ಅದೃಷ್ಟ ಮಾರಾಯ್ತಿ,” ಎಂದಳು ಕಮಲ.

“ಅಡ್ಡಿಲ್ಲೆ ಅಕ್ಕಾ,” ಎಂದಳು ಅನ್ನಮ್ಮ.

ಈ ಮಾತನ್ನು ಹೊರಗಿನವರಿಗೆ ವಿವರಿಸುವುದು ಸುಲಭವಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಊಟ ಹೇಗಿತ್ತು ಎಂದು ಕೇಳಿದರೆ ಅಡ್ಡಿಲ್ಲೆ. ಜ್ವರ ಹೇಗಿದೆ ಎಂದರೆ ಅಡ್ಡಿಲ್ಲೆ. ಗಂಡು ಒಪ್ಪಿಗೆಯಾದನೇ ಎಂದರೆ ಅಡ್ಡಿಲ್ಲೆ. ನಮ್ಮಂಥವರ ಬಾಯಲ್ಲಿ ಅದು ಅಡ್ಡಿಲ್ಲ. ಚೆನ್ನಾಗಿದೆ ಎಂದರೆ ಜಂಬವಾಗುತ್ತದೆ, ಕೆಟ್ಟಿದೆ ಎಂದರೆ ಕೇಳಿದವರಿಗೆ ತೊಂದರೆಯಾಗುತ್ತದೆ. ಎರಡನ್ನೂ ತಪ್ಪಿಸಿ ನಾವು ಕಂಡುಕೊಂಡ ಶಬ್ದ ಇದು. ಹೇಳುವವರ ಮುಖ ನೋಡಿದರೆ ಮಾತ್ರ ಅರ್ಥ ಹೊಳೆಯುತ್ತದೆ. ಅನ್ನಮ್ಮ ಬೇರೆಲ್ಲ ಮಾತುಗಳಂತೆ ಇದನ್ನೂ ಚೆನ್ನಾಗಿ ಕಲಿತಿದ್ದಳು. ಆದರೆ ಅವಳ ಬಾಯಲ್ಲಿ ಅದನ್ನು ಕೇಳಿದಾಗ ಜನ ಮುಖ ನೋಡುತ್ತಿರಲಿಲ್ಲ. ಪರಊರಿನವಳು ನಮ್ಮ ಶಬ್ದವನ್ನು ಎಷ್ಟು ಸರಿಯಾಗಿ ಆಡಿದಳೆಂಬ ಸಂತೋಷದಲ್ಲಿ ಮುಂದೆ ಹೋಗಿಬಿಡುತ್ತಿದ್ದರು.

ಆ ಚಳಿಗಾಲದಲ್ಲಿ ಅವಳು ಎಂದಿಗಿಂತ ಮೊದಲೇ ಆಸ್ಪತ್ರೆಗೆ ಹೋಗತೊಡಗಿದಳು. ಹೆರಿಗೆ ಕೋಣೆಯ ಬೀಗ ತೆಗೆದು ನೆಲಕ್ಕೆ ಫಿನಾಯಿಲ್ ಹಾಕುವುದು, ಕಬ್ಬಿಣದ ಮಂಚ ಒರೆಸುವುದು, ಸ್ಟವ್ವು ಹಚ್ಚಿ ಕತ್ತರಿ ಚಿಮಟಿಗಳನ್ನು ಕುದಿಸುವುದು. ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸುತ್ತಿಟ್ಟು, ಆಮೇಲೆ ಕೌಂಟರಿಗೆ ಬಂದು ಕೂರುವುದು. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲಿಲ್ಲ.

“ಸಿಸ್ಟರೇ, ನೀರು ಹೆಂಗೂ ಕುದೀತಿದ್ದು, ಒಂದು ಚಮಚ ಚಾಪುಡಿ ಆದ್ರೂ ಹಾಕಿ,” ಎನ್ನುತ್ತಿದ್ದ ಸುಬ್ರಾಯ. ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ ಕೇಳಿಸದವಳಂತೆ ಇರುತ್ತಿದ್ದಳು.

ಕೌಂಟರಿನಲ್ಲಿ ಬೇಕಾದ ಮಾತು ಎಷ್ಟು? ಹೆಸರು, ವಯಸ್ಸು, ಕೂತ್ಕಳಿ. ಹೆರಿಗೆ ಕೋಣೆಯಲ್ಲಿ ದಿನವಿಡೀ ಹರಿಯುತ್ತಿದ್ದ ಅವಳ ಕನ್ನಡ ಆ ಮೂರು ಮಾತುಗಳಿಗೆ ಇಳಿಯಿತು. ಮನೆಯಲ್ಲಿಯೂ ಹಾಗೇ. ಅಡಿಗೆಮನೆಯ ಮೆಟ್ಟಿಲಿಗೆ ಬರುವುದು ನಿಂತಿತು. ಭಾನುವಾರ ಇಗರ್ಜಿಯ ಪ್ರಾರ್ಥನೆಗೆಂದು ಶಿರಸಿಯ ಬಸ್ಸು ಹತ್ತುವುದು ನಿಂತಿತು. ಅವಳ ಕೋಣೆಯಿಂದ ಕೊಬ್ಬರಿ ಎಣ್ಣೆಯಲ್ಲಿ ಮೀನು ಕಾಯಿಸುವ ವಾಸನೆ ಬಾರದೆ ಎಷ್ಟು ದಿನವಾಯಿತೆಂದು ಒಮ್ಮೆ ಕಮಲ ಕೇಳಿದಳು. ನನಗೂ ನೆನಪಾಗಲಿಲ್ಲ. ಕಮಲ ಗಂಜಿ ಒಯ್ದು ಕೊಟ್ಟರೆ ತಟ್ಟೆ ತೊಳೆದು ತಂದಿಡುತ್ತಿದ್ದಳು. ಉಂಡಳೋ ಚೆಲ್ಲಿದಳೋ ತಿಳಿಯುತ್ತಿರಲಿಲ್ಲ.

ಊರಿನಲ್ಲಿ ಕಾರಣಗಳಿಗೆ ಬರವೇ? ಮದುವೆಯಾಗದ ಹೆಂಗಸು, ವಯಸ್ಸು ನಲವತ್ತು ದಾಟಿದೆ, ಅದಕ್ಕೇ ಎಂದರು ಕೆಲವರು. ಎಷ್ಟಾದರೂ ಹುಟ್ಟಿದೂರು ಕರೆಯುತ್ತದೆ ಎಂದರು ಇನ್ನು ಕೆಲವರು. ಡಾಕ್ಟರು ಶಕ್ತಿಯ ಟಾನಿಕ್ ಬರೆದುಕೊಟ್ಟರು. ಸುಬ್ರಾಯನೊಡನೆ ಚಹದಂಗಡಿಯಲ್ಲಿ ನನಗೆ ಜಗಳವೇ ಆಯಿತು.

“ಕೆಲಸ ಹೋಜಿಲ್ಲೆ, ಪಗಾರ ನಿಂತಿದ್ದಿಲ್ಲೆ, ಜನ ಮರ್ಯಾದೆ ಕೊಡ್ತ. ಇನ್ನೆಂತ ಬೇಕು ನಾಯ್ಕರೆ ಮನುಷ್ಯರಿಗೆ?”

“ನಿನ್ನನ್ನ ಔಷಧಿ ಕಪಾಟಿಂದ ಎಬ್ಬಿಸಿ, ಅದೇ ಪಗಾರ ಕೊಟ್ಟು, ಬಾಗಿಲಲ್ಲಿ ಚಪ್ಪಲಿ ಕಾಯಲಿಕ್ಕೆ ಕೂರಿಸಿದರೆ?”

“ಆನು ಅಡ್ಡಿಲ್ಲೆ ಹೇಳ್ತಿದ್ದಿ. ಚಪ್ಪಲಿ ಬೈತ್ವಿಲ್ಲೆ, ಪೇಷೆಂಟು ಬೈತ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಸುಬ್ರಾಯನನ್ನು ಚಪ್ಪಲಿ ಕಾಯಲು ಕೂರಿಸಿದರೂ ಸಂಜೆ ಅವನಿಗೆ ಮನೆಯಿದೆ, ತಾಳಮದ್ದಳೆಯಿದೆ, ದಾಯಾದಿಗಳ ಜೊತೆಗಿನ ವ್ಯಾಜ್ಯವಿದೆ. ಅನ್ನಮ್ಮನಿಗೆ ಈ ಊರಿನಲ್ಲಿ ಇದ್ದದ್ದೆಲ್ಲವೂ ಆ ಕೋಣೆಯ ಬಾಗಿಲಿನ ಮೂಲಕವೇ ಬಂದದ್ದು: ಭಾಷೆ, ಗೆಳೆತನ, ತೊಟ್ಟಿಲ ಕರೆ, ಪೇಟೆಯಲ್ಲಿ ‘ಸಿಸ್ಟರೇ’ ಎನ್ನುವ ಕೂಗು. ಹೊರನಾಡಿನಿಂದ ಬಂದವರಿಗೆ ಒಂದು ಉದ್ಯೋಗ ಸಿಕ್ಕರೆ ಊರೂ ಸಿಕ್ಕಂತೆ ಎಂದು ಭಾಷಣ ಮಾಡುವವರ ಮಾತುಗಳನ್ನು ನಾನು ಅಚ್ಚಿಗೆ ಜೋಡಿಸಿದ್ದೇನೆ. ಆಗಬಹುದು. ಆದರೆ ಉದ್ಯೋಗ ಉಳಿದು ಕೆಲಸ ಹೋದರೆ ಏನಾಗುತ್ತದೆಂದು ಅವರಲ್ಲಿ ಒಬ್ಬರೂ ಬರೆದುಕೊಟ್ಟಿರಲಿಲ್ಲ.

ಮುಂಗಾರು ಹಿಡಿದ ಹೊಸತರಲ್ಲಿ ಒಂದು ಮಧ್ಯಾಹ್ನ ನಾನು ರಕ್ತದೊತ್ತಡ ತೋರಿಸಲು ಹೋಗಿ ಬೆಂಚಿನ ಮೇಲೆ ಕುಳಿತಿದ್ದೆ. ಜೀಪೊಂದು ಬಂದು ಗೇಟಿನಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಬಸುರಿ ಹೆಂಗಸು, ಪಕ್ಕದಲ್ಲಿ ಅವಳ ಅತ್ತೆ. ಗಂಡ ಇಳಿದು ಓಡಿಬಂದ. ಇಲ್ಲಿ ಹೆರಿಗೆ ನಿಂತದ್ದು ಅವನಿಗೆ ಗೊತ್ತಿರಲಿಲ್ಲ.

“ಈಗ ಇಲ್ಲಿ ಮಾಡ್ತಾ ಇಲ್ಲ ತಮ್ಮಾ,” ಎಂದರು ಡಾಕ್ಟರು. “ನನ್ನ ಕಣ್ಣು ನಂಬೋ ಹಾಗಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗು, ಹತ್ತಿರವೇ ಇದೆ. ನಾ ಫೋನ್ ಮಾಡಿ ಹೇಳ್ತೇನೆ.”

ಅವರು ಹೇಳಿದ್ದು ಸರಿಯೇ. ಆದರೆ ಅಷ್ಟರಲ್ಲಿ ಅನ್ನಮ್ಮ ಕೌಂಟರಿನಿಂದ ಎದ್ದು, ಮಳೆಯಲ್ಲಿ ಹಾಗೆಯೇ ಹೋಗಿ, ಜೀಪಿನ ಹಿಂಬದಿಯಲ್ಲಿ ಕೈಹಾಕಿ ಆ ಹೆಂಗಸಿನ ಅಂಗೈ ಹಿಡಿದಿದ್ದಳು. ಎಷ್ಟೋ ತಿಂಗಳಿಂದ ಕೇಳದ ದನಿ ಬೆಂಚಿನವರೆಗೂ ಕೇಳಿಸಿತು. “ಹೆದ್ರಡ. ಎನ್ನ ನೋಡು. ಉಸ್ರು ಬಿಡು, ನಿಧಾನ. ಇನ್ನೂ ಹೊತ್ತಿದ್ದು. ಅಲ್ಲಿ ಚೊಲೋ ನೋಡ್ತ.”

“ನೀನೂ ಹತ್ಕಳೆ ಸಿಸ್ಟರೇ, ಇದರ ಜೊತಿಗೆ ಬಾ,” ಎಂದಳು ಅತ್ತೆ.

ಅನ್ನಮ್ಮ ತಿರುಗಿ ಡಾಕ್ಟರನ್ನು ನೋಡಿದಳು. ಡಾಕ್ಟರು ಫೋನಿನ ಕಡೆಗೆ ತಿರುಗಿದ್ದರು, ಅವರಿಗೆ ಕಾಣಲಿಲ್ಲ. ಡ್ರೈವರು ಕಾಯಲಿಲ್ಲ. ಜೀಪು ಹೋಯಿತು. ಅವಳು ಒಳಗೆ ಬಂದು, ಕೈಯನ್ನು ಸೋಪು ಹಚ್ಚಿ ಮೊಣಕೈವರೆಗೆ ತೊಳೆದಳು. ತೊಳೆಯುತ್ತಲೇ ಇದ್ದಳು. ಸುಬ್ರಾಯ ಹೋಗಿ ನಲ್ಲಿ ನಿಲ್ಲಿಸಿದ. ಅವತ್ತು ಅವನು ಏನೂ ತಮಾಷೆ ಮಾಡಲಿಲ್ಲ.

ಮಳೆ ಬಿಟ್ಟು ಹೊಳವಾದ ಒಂದು ಸಂಜೆ ಅವಳು ನಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ನಾನು ಹೋಗಿ ಎದುರಿಗೆ ನಿಂತೆ.

“ಅನ್ನಮ್ಮ, ಹೆಂಗಿದ್ದೀಯೆ?”

“ಅಡ್ಡಿಲ್ಲೆ ನಾಯ್ಕರೆ.”

“ಆ ಮಾತು ಬೇಡ. ಬೇರೆ ಹೇಳು.”

ಅವಳು ನಿಜವಾಗಿಯೂ ತಿಳಿಯದವಳಂತೆ ಕೇಳಿದಳು: “ಬೇರೆ ಎಂತ ಹೇಳ್ತ?”

“ಬೇಜಾರು ಅಂತೀಯಾ?”

“ಬೇಜಾರು ಅಂದ್ರೆ ಲೈಟು ಹೋದಾಗ ಹೇಳ್ತ. ಅದಲ್ಲ.”

“ದುಃಖ?”

“ಯಾರೂ ಸತ್ತಿದ್ವಿಲ್ಲೆ.”

ನಾನು ಅಚ್ಚಿನ ಮೊಳೆಪೆಟ್ಟಿಗೆಯ ಮನೆಗಳಲ್ಲಿ ಕೈಯಾಡಿಸುವವನಂತೆ ಒಂದೊಂದೇ ಶಬ್ದ ಎತ್ತಿಕೊಟ್ಟೆ. ಒಂಟಿತನ, ನಿರಾಸೆ, ಸಂಕಟ. ಕೆಲವನ್ನು ಅವಳು ಕೇಳಿಯೇ ಇರಲಿಲ್ಲ. ಆಗ ನನಗೆ ಹೊಳೆದದ್ದು: ಹನ್ನೆರಡು ವರ್ಷ ಅವಳು ಆಡಿದ ಕನ್ನಡವೆಲ್ಲ ಎದುರಿಗಿದ್ದವರನ್ನು ಸಂತೈಸಲು ಕಲಿತದ್ದು. ತನಗೆ ಏನಾಗಿದೆಯೆಂದು ಹೇಳುವ ಕನ್ನಡವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಏಕೆಂದರೆ ಆ ಕೋಣೆಯಲ್ಲಿ ಅವಳನ್ನು ಯಾರೂ ಅದನ್ನು ಕೇಳುವ ಹಾಗಿರಲಿಲ್ಲ. ಕೊನೆಗೆ ಅವಳು ಮಲಯಾಳದಲ್ಲಿ ಏನೋ ಹೇಳಿದಳು. ದೀರ್ಘವಾದ ವಾಕ್ಯ, ನಡುವೆ ಒಮ್ಮೆ ನಿಂತು ಮತ್ತೆ ಮುಂದುವರಿಯಿತು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಕೇಳಿಸಿಕೊಂಡೆ.

ಡಾಕ್ಟರು ಅವಳ ಊರಿಗೆ ಸುದ್ದಿ ಮುಟ್ಟಿಸಿದರು. ಮಳೆ ಜೋರಾದ ದಿನಗಳಲ್ಲಿ ತಮ್ಮ ಬಂದ, ವರ್ಗೀಸ್ ಎಂದು, ರಬ್ಬರ್ ತೋಟದಲ್ಲಿ ಮರದ ಹಾಲು ತೆಗೆಯುವವನು. ನನ್ನ ಅರೆಬರೆ ಹಿಂದಿ, ಅವನ ಅರೆಬರೆ ಹಿಂದಿ. ಅವನೂ ಸುಬ್ರಾಯನ ಪ್ರಶ್ನೆಯನ್ನೇ ಕೇಳಿದ. ಕೆಲಸ ಹೋಗಿಲ್ಲ, ಸಂಬಳವಿದೆ, ಮತ್ತೇನಾಯಿತು? ಅಕ್ಕ ಮನೆ ಬಿಟ್ಟಾಗ ತಾನು ಶಾಲೆಗೆ ಹೋಗುತ್ತಿದ್ದೆನೆಂದ. ವರ್ಷಕ್ಕೊಮ್ಮೆ ಬಂದಾಗ ಅವಳಿಗೆ ಹೊಸ ಚಾದರ ಹಾಸಿ, ಕೋಳಿ ಮಾಡಿ, ಬಂದ ನೆಂಟರಂತೆ ನೋಡಿಕೊಳ್ಳುತ್ತೇವೆ ಎಂದ. ಅವನು ಅದನ್ನು ಹೆಮ್ಮೆಯಿಂದಲೇ ಹೇಳಿದ. ಕಮಲ ನನ್ನ ಮುಖ ನೋಡಿದಳು.

ಅವಳು ಹೋದ ದಿನ ಡಾಕ್ಟರು ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದರು. ಸುಬ್ರಾಯ ಟ್ರಂಕು ಹೊತ್ತು ತಂದು ಬಸ್ಸಿನ ಮೇಲೆ ತಾನೇ ಕಟ್ಟಿದ. ಕಮಲ ಡಬ್ಬಿಯಲ್ಲಿ ದೋಸೆ ಕಟ್ಟಿಕೊಟ್ಟಳು. ಅನ್ನಮ್ಮ ಕಿಟಕಿಯ ಪಕ್ಕ ಕುಳಿತು, ತಮ್ಮ ಏನೋ ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು. ಬಸ್ಸು ಸಾಗರದ ರಸ್ತೆಗೆ ತಿರುಗಿತು.

ಕ್ರಿಸ್‌ಮಸ್ಸಿನ ಮರುದಿನ ಕಮಲ ಅನ್ನಮ್ಮನಿಗೆ ಫೋನ್ ಮಾಡೋಣವೆಂದು ಹಟ ಹಿಡಿದಳು. ಅವರ ಮನೆಗೆ ಫೋನು ಬಂದಿತ್ತು. ಅಚ್ಚುಕೂಟದ ಪಕ್ಕದ ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯಲ್ಲಿ ಒಬ್ಬರೇ ನಿಲ್ಲುವಷ್ಟು ಜಾಗ. ನಾನು ಹೊರಗೆ ನಿಂತೆ. ಕಮಲಳ ಬಾಯಿ ಕಾಣುತ್ತಿತ್ತು. ಮೊದಲು ಏನೋ ಕೇಳಿದಳು. ಆಮೇಲೆ ಬರೀ ಹೂಂ, ಹೂಂ. ಬೂತಿನ ಹುಡುಗಿ ಒಮ್ಮೆ ಗಡಿಯಾರ ನೋಡಿ, ಒಮ್ಮೆ ನನ್ನನ್ನು ನೋಡಿದಳು. ಹೊರಗೆ ಕಾಯುತ್ತಿದ್ದವರಲ್ಲಿ ಇಬ್ಬರು ಬೇಸತ್ತು ಹೋದರು.

ಹೊರಗೆ ಬಂದ ಕಮಲ ಸೆರಗಿನಿಂದ ಮುಖ ಒರೆಸಿಕೊಂಡು ನಡೆಯತೊಡಗಿದಳು. ಬಸವನ ಗಲ್ಲಿಯ ತಿರುವಿನಲ್ಲಿ ಅವಳನ್ನು ಕೂಡಿಕೊಂಡೆ.

“ಎಂತ ಅಂತೆ?” ಎಂದೆ.

“ಎಲ್ಲಾ ಹೇಳಿದ್ಲು, ಮಾತು ಹುಡ್ಕಿ ಹುಡ್ಕಿ. ಬೆಳಿಗ್ಗೆ ಏಳ್ಬೇಕು ಅನ್ಸೋದಿಲ್ವಂತೆ. ಕೈಗೆ ಏನು ಕೆಲಸ ತಗಂಡ್ರೂ ನೀ ಕೂತ್ಕೊ ಅಂತ ಕಸ್ಕೊಂಡ್ಬಿಡ್ತಾರಂತೆ. ತಾನು ಯಾರಿಗೂ ಬೇಡ ಅನ್ನಿಸ್ತದಂತೆ. ಇಲ್ಲಿದ್ದಾಗ್ಲೇ ಹಂಗೆ ಶುರುವಾಗಿತ್ತಂತೆ.” ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, “ಅತ್ಲು, ಅಳ್ತಾನೇ ಹೇಳಿದ್ಲು,” ಎಂದಳು.

“ಮನೇಲಿ ಯಾರೂ ಇರಲಿಲ್ವಾ ಹಾಗಾದರೆ?”

“ಎಲ್ಲಾ ಅಲ್ಲೇ ಸುತ್ತ ಕೂತಿದ್ರಂತೆ. ಅವ್ಳ ಅಮ್ಮ, ತಮ್ಮ, ತಮ್ಮನ ಹೆಂಡ್ತಿ, ಎಲ್ಲಾ.”

“ಅವರೆದುರಿಗೇ ಹೇಳಿದ್ಲಾ?”

“ಅವ್ರಿಗೆ ಕನ್ನಡ ಬರೋದಿಲ್ವಲ್ಲ,” ಎಂದಳು ಕಮಲ.